ಹಿಂದಿನ ಎಡಬಾಗಿಲು

ಆ ಕಾರಿನ ಕನ್ನಡಿಗಳು ಬಾಗಿಲುಗಳ ಮೇಲಿಲ್ಲ. ಮುಂದೆ, ಬಾನೆಟ್ಟಿನ ಎರಡೂ ಹೆಗಲ ಮೇಲೆ, ಸಣ್ಣ ಕಾಲುಗಳ ಮೇಲೆ ನಿಂತಿವೆ. ಜಪಾನಿನಲ್ಲಿ ಒಂದು ಕಾಲಕ್ಕೆ ಹಾಗೆಯೇ ಕೂಡಿಸುತ್ತಿದ್ದರಂತೆ. ಚಾಲಕನ ಸೀಟಿನಲ್ಲಿ ಕೂತು ಎಡಗಡೆಯ ಕನ್ನಡಿ ನೋಡಿದರೆ ಕಾರಿನ ಎಡಮೈ ಪೂರ್ತಿ ಕಾಣುತ್ತದೆ: ಹಿಂದಿನ ಬಾಗಿಲು, ಅದರ ಹಿಡಿಕೆ, ಅದರ ಕೆಳಗೆ ಹಿಂದಕ್ಕೆ ಓಡುವ ರಸ್ತೆ. ಇದನ್ನು ಮೊದಲೇ ಹೇಳಿಡುತ್ತೇನೆ. ಕೊನೆಯಲ್ಲಿ ನಾನು ಕಂಡದ್ದನ್ನು ಆ ಕನ್ನಡಿಯಲ್ಲೇ ಕಂಡೆ.

ಅಪಘಾತವಾದ ವಾಹನಗಳನ್ನು ನೋಡಿ ವಿಮೆಯವರಿಗೆ ವರದಿ ಬರೆದುಕೊಡುವುದು ನನ್ನ ಕೆಲಸ. ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ವರದಿಯಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು, ಊಹೆಯನ್ನು ಊಹೆಯೆಂದೇ ಬರೆಯಬೇಕು. ಇಲ್ಲಿಯೂ ಹಾಗೇ ಮಾಡಲು ನೋಡುತ್ತೇನೆ.

ಖಾನಾಪುರದಲ್ಲಿ ಹಳ್ಳಕ್ಕಿಳಿದ ಒಂದು ಲಾರಿಯನ್ನು ನೋಡಲು ಹೋಗಿದ್ದೆ. ಅದನ್ನು ಎಳೆದು ತಂದು ನಿಲ್ಲಿಸಿದ್ದು ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಅಂಗಳದಲ್ಲಿ. ಕೆಲಸ ಮುಗಿಸಿ ಕೈ ತೊಳೆಯಲು ನೀರು ಹುಡುಕುತ್ತ ಹಿತ್ತಲಿಗೆ ಹೋದೆ. ಹಸಿ ಹಂಚು ಒಣಗಿಸಲು ಕಟ್ಟಿದ್ದ ಉದ್ದನೆಯ ಶೆಡ್ಡಿನ ತುದಿಯಲ್ಲಿ, ಬಿದಿರು ತಟ್ಟಿಗಳ ನಡುವಿನಿಂದ ಒಂದು ದುಂಡನೆಯ ಕನ್ನಡಿ ಹೊರಗೆ ಚಾಚಿಕೊಂಡಿತ್ತು. ತಟ್ಟಿ ಸರಿಸಿದೆ. ನಾಲ್ಕು ಬಾಗಿಲಿನ ಹಳೆಯ ಜಪಾನಿ ಕಾರು. ಟೈರುಗಳು ಮಣ್ಣಿಗೆ ಅಂಟಿದ್ದವು. ಮೇಲೆ ಹಂಚಿನ ಕೆಂಪು ಧೂಳು ಎಷ್ಟು ದಪ್ಪ ಕೂತಿತ್ತೆಂದರೆ ಅದರ ಬಣ್ಣ ಯಾವುದೆಂದು ತಿಳಿಯಲು ಉಗುರಿನಿಂದ ಕೆರೆಯಬೇಕಾಯಿತು. ಒಳಗೆ ಬೂದುಗಟ್ಟಿದ ಹಸಿರು.

ದಿನವೂ ಸತ್ತ ಗಾಡಿಗಳನ್ನು ನೋಡುವವನಿಗೆ ಒಂದನ್ನಾದರೂ ಬದುಕಿಸಬೇಕೆಂಬ ಆಸೆ ಇರುತ್ತದೆ. ನನಗೆ ಬಹಳ ದಿನಗಳಿಂದ ಇತ್ತು.

ಕಾರ್ಖಾನೆಯ ಮಾಲೀಕರು ಎಪ್ಪತ್ತು ದಾಟಿದವರು, ಹಣೆಯ ತುಂಬ ವಿಭೂತಿ. ಅಂಗಳದ ಮೂಲೆಯ ಮನೆಯಲ್ಲಿ ಮಗ, ಸೊಸೆಯ ಜೊತೆಗಿದ್ದರು. ಕಟ್ಟೆಯ ಮೇಲೆ ಕೂಡಿಸಿ ಚಹಾ ತರಿಸಿದರು.

"ಗುಜರಿಯವ ಬಂದು ನೋಡಿ ಹೋಗ್ಯಾನ," ಎಂದರು. "ಶೆಡ್ಡು ಖಾಲಿ ಮಾಡು ಅಂತ ಮಗ ಗಂಟು ಬಿದ್ದಾನ. ನೀವು ಒಡದು ಮಾರಾವ್ರೋ, ಓಡಸಾವ್ರೋ?"

"ಓಡಸಾವ್ರಿ ಕಾಕಾರ."

"ಹಂಗಾರ ಒಂದು ಮಾತೈತಿ. ಈ ಗಾಡಿ ಮಾತಾಡತೈತಿ."

ಚಹಾ ತಂದ ಸೊಸೆ ನನ್ನತ್ತ ನೋಡಿ ನಕ್ಕಳು. "ಮಾವಾರು ಎಲ್ಲಾರ ಮುಂದೂ ಇದನ್ನ ಹೇಳತಾರ್ರಿ. ನಾ ಈ ಮನಿಗಿ ಬಂದಾಗಿಂದ ಅದು ಒಂದು ಅಕ್ಷರಾ ಮಾತಾಡಿಲ್ಲ."

"ನಿನ್ನ ಮುಂದ ಮಾತಾಡಾಕ ಆಕಿಗಿ ಸಂದು ಎಲ್ಲಿ ಸಿಗತೈತಿ?" ಎಂದರು ಮುದುಕರು.

ಸೊಸೆ ಒಳಗೆ ಹೋದ ಮೇಲೆ ಅವರು ನಗಲಿಲ್ಲ. ಗೋವಾದ ಬಂದರಿನಲ್ಲಿ ಹಡಗಿನ ಒಬ್ಬ ಅಧಿಕಾರಿಯಿಂದ ಆ ಕಾರು ಕೊಂಡಿದ್ದರಂತೆ, ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದ ಕಾಲಕ್ಕೆ. ಮೊದಲ ದಿನವೇ ಎಲ್ಲರೂ ಹತ್ತಿ ಕೂರುವಾಗ ಒಂದು ಹೆಣ್ಣು ದನಿ ಏನೋ ಹೇಳಿತು. ಜಪಾನಿ ಮಾತು, ಯಾರಿಗೂ ತಿಳಿಯಲಿಲ್ಲ. ಪ್ರತಿಸಲ ಹೊರಡುವಾಗ ಅದೇ ಮಾತು, ಆಮೇಲೆ ಮೌನ. ಹತ್ತಿದವರಿಗೆ ನಮಸ್ಕಾರ ಹೇಳುತ್ತಾಳೆ, ಸುಖವಾಗಿ ಹೋಗಿ ಬನ್ನಿ ಅನ್ನುತ್ತಾಳೆ ಎಂದು ಮನೆಯವರು ತಿಳಿದುಕೊಂಡರು. ಅವಳನ್ನು ಅಕ್ಕ ಎಂದು ಕರೆಯತೊಡಗಿದರು. ಅವಳು ಮಾತಾಡಿದಾಗ ಹಿಂದಿನಿಂದ ಯಾರಾದರೂ "ಆತ್ವಾ ಅಕ್ಕಾ, ಹೋಗೂಣು" ಅನ್ನುವುದು ರೂಢಿಯಾಯಿತು. ಖಂಡೇನವಮಿಗೆ ಗಾಡಿಗೆ ಪೂಜೆ ಮಾಡಿದಾಗ ಡ್ಯಾಶ್‌ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದರು.

"ನನಗೊಬ್ಬಾಕಿ ತಂಗಿ ಇದ್ಲು," ಎಂದರು. "ವಡಗಾವಿಗಿ ಕೊಟ್ಟಿದ್ವಿ, ನೇಕಾರರ ಮನಿಗಿ. ಪಂಚಮಿಗಿ ಕರಕೊಂಡು ಬರಾಕ ಹೋಗಿದ್ನಿ. ಅತ್ತಿಮನ್ಯಾಗ ಉಡಿ ತುಂಬಿ ಕಳಿಸಿದ್ರು. ನಿಮಗ ಗೊತ್ತಲ್ಲ, ತುಂಬಿದ ಉಡಿ ತವರಮನಿ ದ್ಯಾವ್ರ ಮುಂದ ಇಳಸೂತನಾ ಬಿಡೂಹಂಗಿಲ್ಲ. ಎರಡೂ ಕೈಲೆ ಸೆರಗು ಹಿಡಕೊಂಡು ಹಿಂದ ಕುಂತ್ಲು. ಅದಕ್ಕ ಬಾಗಲಾ ನಾನ ಹಾಕಿದ್ನಿ. ಗಟ್ಟಿ ಹಾಕಿದ್ನಿ."

ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಅವತ್ತ ಗಾಡ್ಯಾನ ಈಕಿ ದಾರಿ ತುಂಬ ಮಾತಾಡಿದ್ಲು. ಅದ ಮಾತು. ಹೊಳ್ಳಿ ಹೊಳ್ಳಿ. ತಗ್ಗಿನಾಗ ಗಾಡಿ ಇಳದ ಕೂಡಲೆ ಅನ್ನಾಕಿ. ನನ್ನ ತಂಗಿ ನಕ್ಕೋತ ಅಂದ್ಲು, ಅಣ್ಣಾ, ಈಕಿಗಿ ನನ್ನ ಮ್ಯಾಲ ಭಾಳ ಅಕ್ಕರತಿ ಐತಿ ನೋಡು, ಬಿಡವಲ್ಲಳು ಅಂತ. ಖಾನಾಪುರ ಇನ್ನೇನ ಬಂತು ಅನ್ನೂದ್ರಾಗ ಒಂದು ತಿರುವು ಇತ್ತು. ತಿರುವು ದಾಟಿ ಹೊಳ್ಳಿ ನೋಡಿದ್ರ ಹಿಂದಿನ ಬಾಗಲಾ ತೆರದಿತ್ತು. ತಂಗಿ ಇರಲಿಲ್ಲ."

ಇದು ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಅಂದು ಸಂಜೆ ಅವರು ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಆ ದನಿಯ ವೈರು ಕಿತ್ತುಬಿಟ್ಟರು. ಕಾರನ್ನು ಶೆಡ್ಡಿಗೆ ತಳ್ಳಿದವರು ಮತ್ತೆ ಹೊರಗೆ ತೆಗೆಯಲಿಲ್ಲ.

"ಮಂದಿ ಹಾರಿದ್ಲು ಅಂದ್ರು," ಎಂದರು. "ಗಂಡನ ಮನ್ಯಾಗ ಸುಖ ಇರಲಿಲ್ಲಂತ, ಅದಕ್ಕ ಬಾಗಲಾ ತಗದು ಹಾರಿದ್ಲಂತ. ನಮ್ಮವ್ವ ಅದನ್ನ ನಂಬಿಕೊಂಡು ಸತ್ಲು. ನನಗೂ ತಿಳೀವಲ್ದು. ನಾ ಗಟ್ಟಿ ಹಾಕಿದ್ದು ಖರೇ ಇದ್ರ, ಆಕೀನ ತಗದಿರಬೇಕಲ್ಲ? ಗಾಡ್ಯಾಗ ನಮ್ಮಿಬ್ಬರ ಜೋಡಿ ಇದ್ದಾಕಿ ಅಂದ್ರ ಈಕಿ ಒಬ್ಬಾಕಿ. ಏನೋ ಹೇಳಿದ್ಲು. ಬೈದ್ಲೋ, ಹರಸಿದ್ಲೋ, ನನ್ನ ತಂಗೀಗಿ ಬ್ಯಾಡ ಅಂದ್ಲೋ."

ಕಾರು ಕೊಡಲು ಅವರ ಷರತ್ತು ಇಷ್ಟೇ. ಅವಳನ್ನು ಮತ್ತೆ ಮಾತಾಡಿಸಿ ಖಾನಾಪುರಕ್ಕೆ ತರಬೇಕು. ಅಂದು ಆಡಿದ ಮಾತು ಯಾವುದೆಂದು ಅವರು ಕೇಳಿ ಗುರುತಿಸುತ್ತಾರೆ. ಆಮೇಲೆ ನಾನು ಅದರ ಅರ್ಥ ಹೇಳಬೇಕು. ಮೊದಲೇ ಹೇಳಬಾರದು, ಹೇಳಿದರೆ ತಮ್ಮ ಕಿವಿಯನ್ನು ತಾವೇ ನಂಬಲಾರರು.

ಕೆಲಸಕ್ಕೆಂದು ನಾನು ಬಾಡಿಗೆಗೆ ಹಿಡಿದಿದ್ದ ಶೆಡ್ಡು ಇದ್ದುದು ಬೆಳಗಾವಿಯ ಅದೇ ವಡಗಾವಿಯಲ್ಲಿ, ಅವರ ತಂಗಿಯನ್ನು ಕೊಟ್ಟ ನೇಕಾರರ ಕೇರಿಯಲ್ಲಿ. ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಒಂದು ಕಾಲಕ್ಕೆ ಮಗ್ಗಗಳಿದ್ದ ಶೆಡ್ಡು ಅದು. ನೆಲದಲ್ಲಿ ನೇಕಾರ ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿ ಇನ್ನೂ ಹಾಗೇ ಇತ್ತು. ಕಾರಿನ ಕೆಳಗಿನ ಕೆಲಸಕ್ಕೆ ಅನುಕೂಲವಾಯಿತು. ಎರಡೂ ಬಾಜೂ ಪವರ್‌ಲೂಮ್‌ಗಳು. ಅವು ನಡೆಯುತ್ತಿದ್ದಾಗ ಕಿವಿಯ ಹತ್ತಿರ ಬಾಯಿ ತಂದು ಮಾತಾಡಬೇಕು. ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದವನು ಅದೇ ಓಣಿಯ ಒಬ್ಬ ಮಿಸ್ತ್ರಿ, ನನಗಿಂತ ಸ್ವಲ್ಪ ಸಣ್ಣವನು, ಬಾಯಿ ಸುಮ್ಮನಿರದವನು.

"ಸರ್ರ, ಇದು ಗಾಡಿ ಅಲ್ಲ, ಹುತ್ತ ಐತಿ," ಎಂದ ಮೊದಲ ದಿನ. "ಬಾನೆಟ್ಟು ತಗಿಯೂ ಮುಂಚೆ ಒಂದು ಬಟ್ಟಲ ಹಾಲು ಇಡೂಣೇನು?"

ರವಿವಾರಗಳು ಮತ್ತು ಬಿಡುವಿನ ಸಂಜೆಗಳು ಅದಕ್ಕೇ ಹೋದವು. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕನ್ನು ಜಲ್ಲಿಕಲ್ಲು ಹಾಕಿ ಅಲುಗಾಡಿಸಿ ತೊಳೆದೆವು. ಕಾರ್ಬ್ಯುರೇಟರ್ ಬಿಚ್ಚಿದಾಗ ಒಳಗೆ ಕಣಜದ ಹುಳುವಿನ ಮಣ್ಣಿನ ಗೂಡು. ಬ್ರೇಕಿನ ರಬ್ಬರುಗಳನ್ನು ಗೋವಾದ ಗುಜರಿಯಿಂದ ತರಿಸಿದೆ. ನೆಲದ ತಗಡು ಚಾಲಕನ ಕಾಲ ಕೆಳಗೆ ಪೂರ್ತಿ ಹೋಗಿತ್ತು, ಹೊಸದು ಬೆಸೆಯಬೇಕಾಯಿತು. ಕಾಗದಪತ್ರ ಸರಿಮಾಡುವುದಕ್ಕೆ ಅಷ್ಟೇ ಕಾಲ ಹಿಡಿಯಿತು. ಮಳೆಗಾಲ ಬಂದು ಹೋಯಿತು, ಚಳಿ ಬಂತು. ಹೆಂಡತಿ, "ಮನ್ಯಾಗಿನ ನಲ್ಲಿ ಸೋರಾಕತ್ತು ಆರು ತಿಂಗಳಾತ್ರಿ, ಅದೂ ಜಪಾನದಿಂದ ಬಂದಿದ್ರ ಇಷ್ಟೊತ್ತಿಗಿ ರಿಪೇರಿ ಆಗತಿತ್ತು," ಎನ್ನುತ್ತಿದ್ದಳು.

ಡ್ಯಾಶ್‌ಬೋರ್ಡಿನ ಖಾನೆ ತೆರೆದ ದಿನ ನಾನೊಬ್ಬನೇ ಇದ್ದೆ. ಅದರ ಬಾಗಿಲು ತುಕ್ಕು ಹಿಡಿದಿತ್ತು, ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದೆ. ಒಳಗೆ ಒಂದು ಕುಬಸದ ಖಣ, ನಾಲ್ಕು ಮಡಿಕೆ ಮಾಡಿದ್ದು. ಬಿಚ್ಚಿದರೆ ಹಿಟ್ಟಾಗಿಹೋದ ಅಕ್ಕಿ, ಒಂದು ಒಣ ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅಡಿಕೆ. ಯಾರೋ ಆ ದನಿಗೆ ಉಡಿ ತುಂಬಿದ್ದರು. ಮುದುಕರಿಗೆ ಫೋನ್ ಮಾಡಿ ಕೇಳಿದೆ.

"ತಂಗೀದ ಕೆಲಸ," ಎಂದರು. "ಅವತ್ತ ಹೊರಡೂ ಮುಂದ ಇಟ್ಟಿದ್ಲು. ಆಕೀನೂ ಹೆಣ್ಮಗಳ ಅಲ್ಲೇನು, ಬರೇ ಕೈಲೆ ಹೆಂಗ ಕರಕೊಂಡು ಹೋಗೂದು ಅಂದ್ಲು." ಫೋನ್ ಇಡುವ ಮುಂಚೆ, "ಚೆಲ್ಲಬ್ಯಾಡ್ರಿ," ಎಂದರು.

ನಾನು ಅದನ್ನು ಹಾಗೇ ಮಡಿಚಿ ಎತ್ತಿಟ್ಟೆ.

ಹಿಂದಿನ ಎಡಬಾಗಿಲಿನ ಕೊಕ್ಕೆಯನ್ನು ನಾನು ಬೇಕೆಂದೇ ಕೊನೆಗೆ ಬಿಚ್ಚಿದೆ. ಮುರಿದಿರುತ್ತದೆ ಎಂದುಕೊಂಡಿದ್ದೆ. ಮುರಿದಿರಲಿಲ್ಲ. ಬಾಗಿಲ ಕೊಕ್ಕೆಗೆ ಎರಡು ಹಲ್ಲು ಇರುತ್ತವೆ. ಮೊದಲನೆಯದಕ್ಕೆ ಬಿದ್ದರೆ ಬಾಗಿಲು ಹಾಕಿದಂತೆ ಕಾಣುತ್ತದೆ, ಸದ್ದೂ ಗಟ್ಟಿ ಬರುತ್ತದೆ. ಎರಡನೆಯದಕ್ಕೆ ಬಿದ್ದರೆ ಮಾತ್ರ ಭದ್ರ. ಆ ಎರಡನೆಯ ಹಲ್ಲಿನ ಬುಡದಲ್ಲಿ, ಗಟ್ಟಿಯಾಗಿ ಕಪ್ಪಾದ ಗ್ರೀಸಿನೊಳಗೆ ಏನೋ ಸಿಕ್ಕಿಕೊಂಡಿತ್ತು. ಚಿಮಟಿಗೆಯಿಂದ ಎಳೆದೆ. ಸೀಮೆಎಣ್ಣೆಯಲ್ಲಿ ತೊಳೆದೆ. ದಾರದ ಎಳೆಗಳು, ಒಂದಕ್ಕೊಂದು ಹೆಣೆದಿದ್ದವು, ಕೆಂಪು. ಸೀರೆಯ ದಡಿಯ ಒಂದು ಚೂರು. ಶೆಡ್ಡಿನ ಹೊರಗೆ ಅಂಥದೇ ಕೆಂಪು ನೂಲನ್ನು ಓಣಿಯವರು ದಿನಾ ಬಿಸಿಲಿಗೆ ಹಾಕುತ್ತಿದ್ದರು.

ಸೀರೆಯ ಅಂಚು ಸಿಕ್ಕಿಕೊಂಡೇ ಬಾಗಿಲು ಬಿದ್ದಿತ್ತು. ಕೈ ಎರಡೂ ಉಡಿಯಲ್ಲಿದ್ದವಳು ಅಂಚನ್ನು ಒಳಗೆ ಎಳೆದುಕೊಂಡಿರಲಿಲ್ಲ. ಹಾಕಿದವರು ನೋಡಿರಲಿಲ್ಲ. ಬಾಗಿಲು ತೆರೆದಾಗ ಹಿಡಿದುಕೊಳ್ಳಲು ಅವಳಿಗೆ ಬಿಡುವಿದ್ದ ಕೈ ಒಂದೂ ಇರಲಿಲ್ಲ. ಇದರಲ್ಲಿ ದಾರದ ಚೂರು ಮಾತ್ರ ನಾನು ಕಂಡದ್ದು. ಉಳಿದದ್ದು ಊಹೆ. ಆದರೆ ಇಂಥ ಊಹೆಗೆ ನಾನು ನನ್ನ ವರದಿಗಳಲ್ಲಿ ಸಹಿ ಹಾಕುತ್ತ ಬಂದಿದ್ದೇನೆ.

ದನಿಯ ಡಬ್ಬಿ ಅಂಗೈಯಷ್ಟಿತ್ತು. ಬಿಚ್ಚಿದರೆ ಒಳಗೆ ಒಂದು ಪುಟ್ಟ ಗ್ರಾಮಫೋನ್ ತಟ್ಟೆ, ಅದಕ್ಕೊಂದು ಪುಟ್ಟ ಮುಳ್ಳು. ತಟ್ಟೆ ತಿರುಗಿಸುವ ರಬ್ಬರು ಪಟ್ಟಿ ಅಂಟಾಗಿ ಕರಗಿತ್ತು. ಹಳೆಯ ಟೇಪ್‌ರೆಕಾರ್ಡರ್ ಒಂದರ ಪಟ್ಟಿಯನ್ನು ಮಿಸ್ತ್ರಿ ಹುಡುಕಿ ತಂದ. ಕಿತ್ತಿದ್ದ ವೈರನ್ನು ಬೆಸೆದು, ಬ್ಯಾಟರಿ ಜೋಡಿಸಿ, ಕೀಲಿ ತಿರುವಿ, ಬಾಗಿಲು ತೆರೆದೆವು.

ಮೊದಲು ಬಂದದ್ದು ಹೆಣ್ಣಿನ ದನಿಯಲ್ಲ. ಪಟ್ಟಿ ಸಡಿಲಾಗಿತ್ತು. ತುಂಬ ನಿಧಾನ, ತುಂಬ ಕೆಳಗೆ, ಬಾವಿಯ ತಳದಿಂದ ಗಂಡಸೊಬ್ಬ ನರಳಿದ ಹಾಗೆ. ಮಿಸ್ತ್ರಿ ಪಟ್ಟಿಯನ್ನು ಸ್ವಲ್ಪ ಬಿಗಿ ಮಾಡಿದ. ಆ ನರಳಿಕೆ ಮೇಲೇರಿತು. ಇನ್ನಷ್ಟು ಬಿಗಿ ಮಾಡಿದ. ಮೇಲೇರಿ ಮೇಲೇರಿ, ಒಮ್ಮೆಲೇ ತಿಳಿಯಾಗಿ, ಎಳೆ ವಯಸ್ಸಿನ ಹೆಣ್ಣುಮಗಳಾಯಿತು. ಮರ್ಯಾದೆಯ ದನಿ, ಅವಸರವಿಲ್ಲ. ಒಂದು ಮಾತು ಹೇಳಿ ನಿಂತಿತು.

ಮಿಸ್ತ್ರಿ ಕೈಯೊರೆಸಿಕೊಂಡು ಹೊರಗೆ ಹೋಗಿ ನಿಂತ. ನಾನೂ ಹೋದೆ.

ತಟ್ಟೆಯ ಮೇಲೆ ಅವಳ ಹಲವು ಮಾತುಗಳಿದ್ದವು. ದೀಪ ಹಚ್ಚಿಟ್ಟು ಕೀಲಿ ತೆಗೆದರೆ ಒಂದು. ಕೈಬ್ರೇಕು ಹಾಕಿ ಗಾಡಿ ಎಳೆದರೆ ಇನ್ನೊಂದು. ಬಾಗಿಲಿಗೆ ಮತ್ತೊಂದು. ಎಲ್ಲವನ್ನೂ ಫೋನಿನಲ್ಲಿ ಮುದ್ರಿಸಿಕೊಂಡು ಮನೆಗೆ ಬಂದು, ಹೆಂಡತಿಯ ಎದುರು ಅನುವಾದಕ್ಕೆ ಹಾಕಿದೆ. ಪರದೆಯ ಮೇಲೆ ಕನ್ನಡ ಅಕ್ಷರಗಳು ಬಂದವು. ದೀಪಗಳು ಉರಿಯುತ್ತಿವೆ. ಕೈಬ್ರೇಕು ಬಿಡಿ. ಬಾಗಿಲಿನದು: ಬಾಗಿಲು ಪೂರ್ತಿ ಮುಚ್ಚಿಲ್ಲ.

ಹೊರಡುವ ಮೊದಲು ಎಲ್ಲರೂ ಬಾಗಿಲು ತೆರೆದೇ ಹತ್ತುತ್ತಾರೆ. ಅದಕ್ಕೇ ಅವಳು ಪ್ರತಿ ಪಯಣದ ಮೊದಲಿಗೆ ಮಾತಾಡುತ್ತಿದ್ದಳು. ಅದನ್ನೇ ಅವರು ನಮಸ್ಕಾರ ಎಂದುಕೊಂಡಿದ್ದರು.

ಹೆಂಡತಿ ಬಹಳ ಹೊತ್ತು ಫೋನನ್ನೇ ನೋಡಿದಳು. "ಅವರಿಗಿ ಏನಂತೀರಿ?"

"ಇದ್ದದ್ದ ಹೇಳಬೇಕಲ್ಲ."

"ಬಾಗಲಾ ಹಾಕಿದವ್ರು ಅವರ ಅಂದ್ರಲ್ಲ ನೀವು. ಈ ವಯಸ್ಸಿನ್ಯಾಗ ಅವರ ಕೊಳ್ಳಿಗಿ ಇದನ್ನ ಕಟ್ಟತೀರೇನು? ಸುಖದಿಂದ ಹೋಗಿ ಬರ್ರಿ ಅಂತಾಳಂತ ಹೇಳ್ರಿ. ಯಾರಿಗಿ ತಿಳೀತೈತಿ?"

"ತಂಗಿ ಹಾರಿದ್ಲು ಅಂತ ಹಂಗ ಉಳೀತೈತಲ್ಲ."

ಅವಳು ಫೋನನ್ನು ಬೋರಲು ಮಾಡಿಟ್ಟು ಒಳಗೆ ಹೋದಳು.

ಆ ವಾರ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಮಧ್ಯಾಹ್ನ ನಾನು ಮತ್ತು ಮಿಸ್ತ್ರಿ ಮುಂದಿನ ಚಕ್ರ ಬಿಚ್ಚುತ್ತಿದ್ದೆವು. ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದೊಳಗೆ, ಕಾರಿನೊಳಗಿಂದ ಅವಳು ಅಂದಳು: ಬಾಗಿಲು ಪೂರ್ತಿ ಮುಚ್ಚಿಲ್ಲ.

ನಾಲ್ಕೂ ಬಾಗಿಲು ಮುಚ್ಚಿದ್ದವು. ಕೀಲಿ ನನ್ನ ಕಿಸೆಯಲ್ಲಿತ್ತು.

ಮಿಸ್ತ್ರಿ ಹುಡುಕಿದ. ಹಿಂದಿನ ಎಡಬಾಗಿಲಿನ ಸ್ವಿಚ್ಚಿನಲ್ಲಿ ಹಸಿ ಹಿಡಿದಿತ್ತು, ಹಳೆಯ ವೈರೊಂದರ ಮೈ ಸುಲಿದಿತ್ತು. ಕಾರಣ ಸಿಕ್ಕಿತೆಂದು ಇಬ್ಬರಿಗೂ ಹಗುರಾಯಿತು. ಎರಡನ್ನೂ ಬದಲಿಸಿದ. ಮರುದಿನ ಅದೇ ಹೊತ್ತಿಗೆ ಕರೆಂಟು ಹೋಯಿತು, ಮಗ್ಗಗಳು ನಿಂತವು, ಅವಳು ಮತ್ತೆ ಅಂದಳು.

ಮಗ್ಗ ನಿಂತಾಗ ಮಾತ್ರ ಅವಳು ಮಾತಾಡುತ್ತಿದ್ದಳೋ, ಅಥವಾ ಇಡೀ ದಿನ ಮಾತಾಡುತ್ತಿದ್ದು ಮಗ್ಗ ನಿಂತಾಗ ಮಾತ್ರ ನಮಗೆ ಕೇಳುತ್ತಿತ್ತೋ, ಅದನ್ನು ಪರೀಕ್ಷಿಸುವ ದಾರಿ ಇತ್ತು: ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಸಾಕಿತ್ತು. ಇಬ್ಬರೂ ಕೂರಲಿಲ್ಲ.

ಮಿಸ್ತ್ರಿ ಹೋಗಿ ಹಿಂದಿನ ಎಡಬಾಗಿಲನ್ನು ತೆರೆದು, ಎರಡೂ ಕೈಯಿಂದ ಒತ್ತಿ ಹಾಕಿದ. "ಹಾಕೇನವಾ," ಎಂದ, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಸರ್ರ, ಇನ್ನ ಮ್ಯಾಲ ಕರೆಂಟು ಇದ್ದಾಗ ಅಷ್ಟ ಕರೀರಿ," ಎಂದ. ಅದು ಚೇಷ್ಟೆಯೆಂದು ನನಗೆ ಅನ್ನಿಸಲಿಲ್ಲ.

ಆ ಮೇಲೆ ಅವಳು ಶೆಡ್ಡಿನಲ್ಲಿ ಮಾತಾಡಲಿಲ್ಲ.

ಕಾರು ರಸ್ತೆಗೆ ಇಳಿಯುವ ಹೊತ್ತಿಗೆ ಮತ್ತೆ ಶ್ರಾವಣದ ಮೋಡ ಕೂಡಿದ್ದವು. ಬಣ್ಣ ಬದಲಿಸಿರಲಿಲ್ಲ, ಉಜ್ಜಿ ಅದೇ ಹಸಿರನ್ನು ಹೊರಗೆ ತಂದಿದ್ದೆ. ಒಂದು ಬೆಳಗ್ಗೆ ಒಬ್ಬನೇ ಖಾನಾಪುರಕ್ಕೆ ಹೊರಟೆ. ಕಿಸೆಯಲ್ಲಿ ಒಂದು ಸಣ್ಣ ಡಬ್ಬಿ, ಅದರಲ್ಲಿ ಕೆಂಪು ದಾರದ ಚೂರು. ಪಕ್ಕದ ಸೀಟಿನ ಮೇಲೆ ಆ ಹಳೆಯ ಉಡಿ. ದಾರಿಯುದ್ದಕ್ಕೂ ಅವಳು ಸುಮ್ಮನಿದ್ದಳು. ಏನು ಹೇಳಬೇಕೆಂದು ನಾನಿನ್ನೂ ನಿಶ್ಚಯ ಮಾಡಿರಲಿಲ್ಲ.

ಮುದುಕರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಕಾರನ್ನು ಸುತ್ತು ಬಂದರು. ಎಲ್ಲಿಯೂ ಮುಟ್ಟಲಿಲ್ಲ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಮಾತಾಡಸ್ರಿ," ಎಂದರು ಮುದುಕರು, ಮತ್ತೆ ಕುರ್ಚಿಯಲ್ಲಿ ಕೂತು.

ದೀಪ ಹಚ್ಚಿ ಕೀಲಿ ತೆಗೆದೆ. ಅವಳು ಮಾತಾಡಿದಳು. ಸೊಸೆ ಸೆರಗನ್ನು ಬಾಯಿಗೆ ಹಿಡಿದಳು. ಮುದುಕರು ತಲೆ ಅಲ್ಲಾಡಿಸಿದರು. "ದನಿ ಅದ. ಮಾತು ಇದಲ್ಲ."

ಕೈಬ್ರೇಕು ಹಾಕಿಯೇ ಕಾರನ್ನು ಒಂದು ಮಾರು ಮುಂದಕ್ಕೆಳೆದೆ. "ಇದೂ ಅಲ್ಲ."

ನಾನು ಇಳಿದು ಬಾಗಿಲು ತೆರೆದಿಟ್ಟು ಕೀಲಿ ತಿರುವಿದೆ. ಅವಳು ಅಂದಳು.

ಮುದುಕರು ಕುರ್ಚಿಯ ಕೈಯನ್ನು ಹಿಡಿದುಕೊಂಡರು. ನಾನು ಅರ್ಥ ಹೇಳಲು ಬಾಯಿ ತೆರೆದೆ. ಹೆಂಡತಿ ಹೇಳಿಕೊಟ್ಟ ಮಾತೋ, ಫೋನು ತೋರಿಸಿದ ಮಾತೋ, ಯಾವುದು ಹೊರಗೆ ಬರುತ್ತಿತ್ತೋ ಇಂದಿಗೂ ತಿಳಿಯದು. ಅವರು ಕೈಯೆತ್ತಿ ತಡೆದರು. ಎದ್ದು ಬಂದು ನಾನು ತೆರೆದಿಟ್ಟ ಬಾಗಿಲನ್ನು ಹಾಕಿದರು. ದನಿ ನಿಂತಿತು. ತೆರೆದರು. ಅವಳು ಅಂದಳು. ಹಾಕಿದರು. ಸುಮ್ಮನಾದಳು. ಆಮೇಲೆ ಹಿಂದಿನ ಎಡಬಾಗಿಲಿಗೆ ಹೋದರು. ಅದನ್ನು ತೆರೆದರು, ಅವಳು ಅಂದಳು. ಬಹಳ ಮೆಲ್ಲಗೆ ದೂಡಿದರು. ಕೊಕ್ಕೆ ಮೊದಲ ಹಲ್ಲಿಗೆ ಬಿದ್ದ ಸದ್ದು ಬಂತು. ಬಾಗಿಲು ಹಾಕಿದ ಹಾಗೇ ಕಾಣುತ್ತಿತ್ತು. ಅವಳು ಅನ್ನುತ್ತಲೇ ಇದ್ದಳು.

"ಬಾಗಲಾ ಬಿದ್ದಿಲ್ಲ ಅಂತಾಳ," ಎಂದರು. "ಹೌದಲ್ಲ ತಮ್ಮಾ?"

ಅಲ್ಲಿಯವರೆಗೆ ನನ್ನನ್ನು ಸಾಹೇಬರೆಂದೇ ಕರೆಯುತ್ತಿದ್ದರು.

"ಹೌದ್ರಿ ಕಾಕಾರ," ಎಂದೆ. ಡಬ್ಬಿ ತೆಗೆದು ದಾರದ ಚೂರನ್ನು ಅವರ ಅಂಗೈಯಲ್ಲಿಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಿದೆ. ಸೀರೆಯ ಅಂಚು ಸಿಕ್ಕಿ ಕೊಕ್ಕೆ ಅರ್ಧಕ್ಕೇ ಕೂತಿತ್ತೆಂದು ಹೇಳಿದೆ. ಯಾರು ಹಾಕಿದರೆಂಬ ಮಾತನ್ನು ನಾನು ಎತ್ತಲಿಲ್ಲ.

ಅವರು ದಾರವನ್ನು ಬೆರಳಿನಿಂದ ಹರಡಿ ನೋಡಿದರು. ಅವರು ಕುಸಿಯುತ್ತಾರೆಂದು ನಾನು ಹತ್ತಿರ ಸರಿದೆ. ಅವರ ಮುಖದಲ್ಲಿ ನಾನು ಕಂಡದ್ದು ಬೇರೆ.

"ಹಾರಿಲ್ಲ," ಎಂದರು. ಸೊಸೆಯ ಕಡೆ ತಿರುಗಿದರು. "ಕೇಳಿದಿಲ್ಲವಾ? ಆಕಿ ಹಾರಿಲ್ಲ. ನಾ ಹಾಕಿದ್ದ ಸರಿ ಬಿದ್ದಿರಲಿಲ್ಲ." ಮತ್ತೆ ಅದನ್ನೇ ಹೇಳಿದರು, ನೆರೆಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ತಪ್ಪು ನಂದ ಐತಿ. ತಂಗಿ ಹಾರಿಲ್ಲ."

ಸೊಸೆ ಅಳುತ್ತಿದ್ದಳು. ಅವರು ಅಳಲಿಲ್ಲ. ಹಳೆಯ ಉಡಿಯನ್ನು ಕೇಳಿ ತೆಗೆದುಕೊಂಡರು. ದಾರದ ಚೂರನ್ನು ಅದರೊಳಗಿಟ್ಟು, ಎರಡೂ ಕೈಯಲ್ಲಿ ಹಿಡಿದು ದೇವರ ಕೋಣೆಗೆ ಹೋದರು. ಬರಲು ಬಹಳ ಹೊತ್ತಾಯಿತು.

ನಾನು ಹೊರಡುವಾಗ ಸೊಸೆ ಹೊಸದೊಂದು ಉಡಿ ತಂದಳು: ಅಕ್ಕಿ, ತೆಂಗಿನಕಾಯಿ, ಕೆಂಪು ಖಣ. "ಅಕ್ಕನ್ನ ಬರೇ ಕೈಲೆ ಕಳಸಬಾರದ್ರಿ," ಎಂದು ಹಿಂದಿನ ಸೀಟಿನ ಎಡಭಾಗದಲ್ಲಿಟ್ಟಳು. ಬಾಗಿಲಿಗೆ ಕುಂಕುಮ ಹಚ್ಚಿದಳು.

ಮುದುಕರು ಅಂದರು, "ಸರಿ, ನಾ ಹಾಕತೀನಿ." ಹಿಂದಿನ ಎಡಬಾಗಿಲನ್ನು ಹಾಕಿದರು. ಅಂಗೈಯಿಂದ ಒತ್ತಿ ನೋಡಿದರು. ಗಟ್ಟಿ ಸದ್ದು ಬಂದಿತ್ತು. ಅವಳು ಏನೂ ಅನ್ನಲಿಲ್ಲ. "ಆಕೀದ ವೈರು ಮಾತ್ರ ಕೀಳಬ್ಯಾಡ ತಮ್ಮಾ," ಎಂದರು.

ಈಗ ಬೆಳಗಾವಿಗೆ ದೊಡ್ಡ ರಸ್ತೆಯಾಗಿದೆ. ಮುದುಕರು ಹೇಳಿದ ಹಳೆಯ ತಿರುವನ್ನು ನೇರ ಮಾಡಿದ್ದಾರೆ. ಹಳೆಯ ಡಾಂಬರಿನ ಒಂದು ತುಂಡು ಪಕ್ಕದಲ್ಲಿ ಹುಲ್ಲು ಬೆಳೆದು ಬಿದ್ದುಕೊಂಡಿದೆ. ಅದರ ಸಮಕ್ಕೆ ಬಂದಾಗ ಅವಳು ಅಂದಳು: ಬಾಗಿಲು ಪೂರ್ತಿ ಮುಚ್ಚಿಲ್ಲ.

ತಗ್ಗಿರಲಿಲ್ಲ, ರಸ್ತೆ ನುಣ್ಣಗಿತ್ತು. ಎಡಗಡೆಯ ಕನ್ನಡಿ ನೋಡಿದೆ. ಹಿಂದಿನ ಬಾಗಿಲು ಮುಚ್ಚಿಯೇ ಇತ್ತು. ಅದರ ಕೆಳಗಿನ ಸಂದಿನಿಂದ ಕೆಂಪು ಬಟ್ಟೆಯ ಅಂಚೊಂದು ಹೊರಗೆ ಬಂದು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಗಾಡಿಯನ್ನು ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. ಇಳಿದು ಹೋಗಿ ನೋಡಿದೆ. ಉಡಿಯ ಖಣ ಸೀಟಿನಿಂದ ಜಾರಿ, ಅದರ ತುದಿ ಬಾಗಿಲಿಗೆ ಸಿಕ್ಕಿತ್ತು. ಅವರು ಹಾಕುವಾಗಲೇ ಸಿಕ್ಕಿರಬೇಕು. ಮತ್ತೆ ಅದೇ ಕೈ, ಅದೇ ಬಾಗಿಲು, ಮತ್ತೆ ಯಾರೂ ನೋಡಿರಲಿಲ್ಲ.

ಇಷ್ಟಾದರೆ ಎಲ್ಲಕ್ಕೂ ಕಾರಣ ಸಿಕ್ಕಂತೆ. ಆದರೆ ಕಂಡದ್ದನ್ನು ಬರೆಯಬೇಕು. ಬಟ್ಟೆ ಸಿಕ್ಕಿದ್ದು ಕೊಕ್ಕೆಯಲ್ಲಿ ಅಲ್ಲ, ಅದರಿಂದ ಒಂದು ಮೊಳ ಕೆಳಗೆ, ರಬ್ಬರಿನಲ್ಲಿ. ಕೊಕ್ಕೆ ಎರಡನೆಯ ಹಲ್ಲಿಗೆ ಪೂರ್ತಿ ಕೂತಿತ್ತು. ಎಳೆದು ನೋಡಿದೆ, ಅಲುಗಲಿಲ್ಲ. ಸ್ವಿಚ್ಚು ಹೊಸದು. ಅವಳು ಮಾತಾಡಲು ಕಾರಣವಿರಲಿಲ್ಲ. ಆದರೂ ನಾನು ಅಲ್ಲಿ ನಿಂತಿರುವಷ್ಟು ಹೊತ್ತೂ ಒಳಗೆ ಮಾತಾಡುತ್ತಲೇ ಇದ್ದಳು.

ಬಾಗಿಲು ತೆರೆದೆ. ಖಣದ ತುದಿಯನ್ನು ಒಳಗೆ ಮಡಿಚಿ, ಕಾಯಿಯ ಕೆಳಗೆ ಸಿಕ್ಕಿಸಿದೆ. ಕೆಳಗೆ, ಮೇಲೆ, ಸಂದಿಯುದ್ದಕ್ಕೂ ಕೈಯಾಡಿಸಿ ನೋಡಿ ಹಾಕಿದೆ.

"ಹಾಕೇನವಾ," ಎಂದೆ.

ಸುಮ್ಮನಾದಳು.

ಮನೆ ಮುಟ್ಟಿದಾಗ ಹೆಂಡತಿ ಹೊರಗೆ ಬಂದಳು. ಕಾರಿನ ಹಿಂದಿನ ಬಾಗಿಲು ತೆರೆದು, ಉಡಿಯನ್ನು ಸೆರಗಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೊಣಕೈಯಿಂದ ಬಾಗಿಲನ್ನು ದೂಡಿ ದೇವರ ಕೋಣೆಯ ಕಡೆಗೆ ನಡೆದಳು. ಕೀಲಿ ಇನ್ನೂ ಗಾಡಿಯಲ್ಲೇ ಇತ್ತು. ಹಿಂದಿನಿಂದ, ಕಾರಿನೊಳಗಿಂದ, ಆ ದನಿ ಅಂದಿತು: ಬಾಗಿಲು ಪೂರ್ತಿ ಮುಚ್ಚಿಲ್ಲ.

ಹೆಂಡತಿ ಹೊಸ್ತಿಲ ಮೇಲೆ ನಿಂತು, ತಿರುಗದೆ, "ನನ್ನ ಕೈ ಖಾಲಿ ಇಲ್ಲ, ನೀವ ಹಾಕ್ರಿ," ಎಂದಳು.

ನಾನು ಹೋಗಿ ಹಾಕಿದೆ.